ಮೀನುತೊಟ್ಟಿಯ ಅಲಂಕಾರ ಸಾಮಗ್ರಿ: ಶುದ್ಧೀಕರಣದ ಹೊಣೆ ಅಂಗಡಿಯಿಂದಲೇ ಆರಂಭವಾಗಲಿ

ಅಲಂಕಾರಿಕ ಮೀನುಗಳ ವ್ಯಾಪಾರದಲ್ಲಿ ಗಾಜಿನ ತೊಟ್ಟಿಯನ್ನು ಗ್ರಾಹಕನು ಒಮ್ಮೆ ಕೊಳ್ಳುತ್ತಾನೆ. ಆದರೆ ಕಲ್ಲು, ಕೊರಡು, ಪ್ಲಾಸ್ಟಿಕ್ ಗಿಡ, ರೆಸಿನ್‌ನಿಂದ ಮಾಡಿದ ಕೋಟೆ ಮತ್ತು ಸೇತುವೆಗಳಿಗಾಗಿ ಮತ್ತೆ ಮತ್ತೆ ಅಂಗಡಿಗೆ ಬರುತ್ತಾನೆ. ಹೀಗೆ ಕೊಂಡೊಯ್ದ ಹೊಸ ಸಾಮಗ್ರಿಯನ್ನು ತೊಟ್ಟಿಗಿಳಿಸಿದ ಮರುದಿನವೇ ಮೀನುಗಳು ಸತ್ತು ತೇಲಿದರೆ ಆತ ದೂರುವುದು ಸಾಮಗ್ರಿಯನ್ನಲ್ಲ, ಮೀನು ಮಾರಿದವರನ್ನು. ಅನೇಕರು ದೂರುವುದೂ ಇಲ್ಲ, ಹವ್ಯಾಸವನ್ನೇ ಬಿಟ್ಟುಬಿಡುತ್ತಾರೆ. ವರ್ತಕನಿಗೆ ಇದಕ್ಕಿಂತ ದೊಡ್ಡ ನಷ್ಟ ಬೇರೊಂದಿಲ್ಲ.

ಹೊಸ ವಸ್ತು ಎಂದ ಮಾತ್ರಕ್ಕೆ ಅದು ಶುಚಿಯಾಗಿದೆ ಎಂದು ಭಾವಿಸುವುದು ಸರಿಯಲ್ಲ. ಅಚ್ಚಿನಿಂದ ಸುಲಭವಾಗಿ ಕಳಚಿಕೊಳ್ಳಲೆಂದು ಬಳಸಿದ ಎಣ್ಣೆ, ಬಣ್ಣದ ಪುಡಿ, ಗೋದಾಮಿನ ಧೂಳು ಇವೆಲ್ಲವೂ ಅದರ ಮೇಲಿರುತ್ತವೆ. ಇವನ್ನು ಕಂಡ ಗ್ರಾಹಕನು ಸಹಜವಾಗಿಯೇ ಸಾಬೂನಿಗೆ ಕೈ ಹಾಕುತ್ತಾನೆ. ತಪ್ಪು ಆಗುವುದು ಇಲ್ಲಿಯೇ. ಸಾಬೂನು ಮತ್ತು ಪಾತ್ರೆ ತೊಳೆಯುವ ದ್ರವಗಳ ಅಂಶವು ಎಷ್ಟು ತೊಳೆದರೂ ಸಂದುಗಳಲ್ಲಿ ಉಳಿಯುತ್ತದೆ. ಮೀನಿನ ಮೈಮೇಲಿನ ಲೋಳೆಯ ರಕ್ಷಾಕವಚವನ್ನೂ ಕಿವಿರುಗಳನ್ನೂ ಅದು ಹಾನಿಗೊಳಿಸುತ್ತದೆ. ಆದುದರಿಂದ ಉಗುರುಬೆಚ್ಚಗಿನ ನೀರು, ಸಾಬೂನು ಸೋಂಕದ ಹೊಸ ಬ್ರಷ್, ಈ ಕೆಲಸಕ್ಕೆಂದೇ ಮೀಸಲಿಟ್ಟ ಒಂದು ಬಕೆಟ್ ಇಷ್ಟಿದ್ದರೆ ಸಾಕು. ಬಕೆಟ್ ಬಿಳಿಯದಾಗಿದ್ದರೆ ಒಳಿತು. ರೆಸಿನ್ ಮತ್ತು ಪ್ಲಾಸ್ಟಿಕ್ ವಸ್ತುಗಳನ್ನು ಉಜ್ಜಿ ತೊಳೆದು ಅದರಲ್ಲಿ ಒಂದೆರಡು ದಿನ ನೆನೆಯಿಟ್ಟಾಗ ನೀರಿಗೆ ಬಣ್ಣ ಬಂದರೆ, ವಾಸನೆ ಹೊಮ್ಮಿದರೆ ಅಥವಾ ಬಣ್ಣದ ಚಕ್ಕೆ ಏಳತೊಡಗಿದರೆ ಅಂತಹ ವಸ್ತುವು ತೊಟ್ಟಿಗೆ ಯೋಗ್ಯವಲ್ಲ.

ಬೇರೊಂದು ತೊಟ್ಟಿಯಲ್ಲಿದ್ದ ವಸ್ತುಗಳ ವಿಷಯ ಬೇರೆ. ಅಂಗಡಿಯ ಪ್ರದರ್ಶನ ತೊಟ್ಟಿಯಿಂದ ತೆಗೆದು ಮಾರುವ ಸಾಮಗ್ರಿಯೂ ಇದರಲ್ಲಿ ಸೇರಿತು. ಬಿಳಿಚುಕ್ಕೆ ರೋಗದಂತಹ ಸೋಂಕುಗಳು ಹೀಗೆಯೇ ಒಂದು ಮನೆಯಿಂದ ಇನ್ನೊಂದಕ್ಕೆ ಸಾಗುತ್ತವೆ. ರೆಸಿನ್, ಪ್ಲಾಸ್ಟಿಕ್‌ಗಳಿಗಾದರೆ ಸುಗಂಧವಿಲ್ಲದ ಸಾದಾ ಬ್ಲೀಚ್ ದ್ರಾವಣ 1 ಭಾಗಕ್ಕೆ 19 ಭಾಗ ನೀರು ಬೆರೆಸಿ, 10ರಿಂದ 15 ನಿಮಿಷ ಮುಳುಗಿಸಿ, ಅನಂತರ ಹಲವು ಬಾರಿ ತೊಳೆಯಬೇಕು. ಉಳಿದ ಕ್ಲೋರಿನ್ ತೆಗೆಯಲು ಸೋಡಿಯಂ ಥಯೋಸಲ್ಫೇಟ್ ಬೆರೆಸಿದ ನೀರಿನಲ್ಲಿ ನೆನೆಸಿ, ವಾಸನೆ ಸಂಪೂರ್ಣ ಹೋಗುವವರೆಗೆ ಬಿಸಿಲಿನಲ್ಲಿ ಒಣಗಿಸಬೇಕು. ಹಿಂದೆ ಫೋಟೋ ಸ್ಟುಡಿಯೋಗಳವರು ‘ಹೈಪೋ’ ಎಂದು ಕರೆಯುತ್ತಿದ್ದ ಹರಳೇ ಈ ಥಯೋಸಲ್ಫೇಟ್, ದುಬಾರಿಯೇನಲ್ಲ. ಅಂಗಡಿಯ ಕೆಲಸಗಾರರಿಗೆ ಒಂದು ಎಚ್ಚರಿಕೆಯನ್ನು ಖಂಡಿತವಾಗಿ ಹೇಳಿರಬೇಕು: ಬ್ಲೀಚ್‌ಗೆ ವಿನೆಗರ್ ಅಥವಾ ಯಾವುದೇ ಆಮ್ಲವನ್ನು ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

ಮರದ ಕೊರಡಿಗೆ ಬ್ಲೀಚ್ ಸಲ್ಲದು. ಮರವು ಅದನ್ನು ಹೀರಿಕೊಂಡು ಬಹುಕಾಲದವರೆಗೆ ಬಿಡುತ್ತಿರುತ್ತದೆ. ಕೊರಡನ್ನು ಒಂದೆರಡು ಗಂಟೆ ಕುದಿಸಿ, ನೀರು ಬದಲಿಸುತ್ತಾ ನೆನೆಸುವುದು ಸೂಕ್ತ. ನೀರು ಚಹದ ಬಣ್ಣಕ್ಕೆ ತಿರುಗುವುದು ಟ್ಯಾನಿನ್‌ನಿಂದ. ಅದು ಸಾಮಾನ್ಯವಾಗಿ ಮೀನಿಗೆ ಅಪಾಯಕಾರಿಯಲ್ಲ ಎಂದು ಮೊದಲೇ ತಿಳಿಸಿದರೆ ಗ್ರಾಹಕನು ಗಾಬರಿಗೊಂಡು ಕೊರಡನ್ನು ಹಿಂದಿರುಗಿಸಲು ಬರುವುದು ತಪ್ಪುತ್ತದೆ. ಗೆದ್ದಲು ನಿರೋಧಕವನ್ನಾಗಲಿ ವಾರ್ನಿಷನ್ನಾಗಲಿ ಕಂಡ ಮರವನ್ನು ಮಾತ್ರ ಎಷ್ಟು ಕುದಿಸಿಯೂ ಪ್ರಯೋಜನವಿಲ್ಲ.

ಕಲ್ಲನ್ನು ಕುದಿಸುವುದು ಬೇಡ; ಒಳಗೆ ಸಿಲುಕಿದ ತೇವಾಂಶವು ಆವಿಯಾಗಿ ಕಲ್ಲು ಸಿಡಿಯಬಹುದು. ಉಜ್ಜಿ ತೊಳೆದರೆ ಸಾಕು. ಆದರೆ ತೊಳೆಯುವ ಮುನ್ನ ಕಲ್ಲಿನ ಜಾತಿ ತಿಳಿಯಬೇಕು. ಇಳಕಲ್ಲಿನ ಕೆಂಪು ಗ್ರಾನೈಟ್ ಮೊದಲಾದವು ನೀರಿನ ಗುಣವನ್ನು ಬದಲಿಸುವುದಿಲ್ಲ. ಶಹಾಬಾದಿನ ಹಾಸುಗಲ್ಲಾದರೋ ಸುಣ್ಣದ ಕಲ್ಲು; ತೊಟ್ಟಿಯ ತಳಕ್ಕೆ ಹರಡಲು ಮಾರುವ ಬಿಳಿಯ ಅಮೃತಶಿಲೆಯ ಚೂರುಗಳೂ ಅದೇ ವರ್ಗದವು. ಇವು ನಿಧಾನವಾಗಿ ಕರಗಿ ನೀರಿನ ಗಡಸುತನವನ್ನೂ ಕ್ಷಾರೀಯತೆಯನ್ನೂ ಏರಿಸುತ್ತವೆ. ಮೊದಲೇ ಗಡಸಾದ ಕೊಳವೆಬಾವಿಯ ನೀರಿನಲ್ಲಿ ಮೆದುನೀರಿನ ನಿಯಾನ್ ಟೆಟ್ರಾ, ಡಿಸ್ಕಸ್ ಸಾಕುವವರಿಗೆ ಇದು ಮತ್ತೊಂದು ಹೊರೆ. ಒಣಗಿದ ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟು ನೋಡಿದಾಗ ನೊರೆಗುಳ್ಳೆ ಎದ್ದರೆ ಅದರಲ್ಲಿ ಸುಣ್ಣವಿದೆ ಎಂದರ್ಥ. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಮೀನುಗಳಿಗೆ ಅದೇ ಕಲ್ಲು ಹಿತಕರವಾದುದರಿಂದ, ಯಾವ ಮೀನಿಗೆ ಎಂದು ಕೇಳಿ ಕೊಡುವುದು ವ್ಯಾಪಾರದ ಜಾಣತನವೂ ಹೌದು. ಅಂದಹಾಗೆ, ಮನೆಯಲ್ಲಿದ್ದ ಹಿತ್ತಾಳೆಯ ಆಮೆಯನ್ನೋ ತಾಮ್ರದ ಬೊಂಬೆಯನ್ನೋ ತೊಟ್ಟಿಯೊಳಗಿಡುವ ಉತ್ಸಾಹಿಗಳಿದ್ದಾರೆ. ತಾಮ್ರವು ಸೀಗಡಿ ಮತ್ತು ಬಸವನಹುಳುಗಳಿಗೆ ಮಾರಕ. ಎಷ್ಟು ತೊಳೆದರೂ ಆ ಗುಣ ಹೋಗದು.

ಹವಳದ ತುಂಡುಗಳ ವಿಷಯದಲ್ಲಿ ತೊಳೆಯುವ ಪ್ರಶ್ನೆಯೇ ಉದ್ಭವಿಸುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಬಂಡೆ ಕಟ್ಟುವ ಹವಳ, ಕರಿ ಹವಳ, ಸಮುದ್ರ ಬೀಸಣಿಗೆಗಳನ್ನು ಸೇರಿಸಲಾಯಿತು. ಸತ್ತು ಬೆಳ್ಳಗಾದ ಹವಳವನ್ನು ಮಾರುವುದೂ ಅಪರಾಧವೇ. ಅಂತಹ ಸರಕನ್ನು ತಂದು ಕೊಡುವ ದಲ್ಲಾಳಿಗೆ ಬೇಡವೆನ್ನುವುದೇ ಕ್ಷೇಮ. ರೆಸಿನ್‌ನ ಕೃತಕ ಹವಳ ದೊರೆಯುತ್ತದೆ.

ಇನ್ನು ವರ್ತಕರ ಕಾನೂನಾತ್ಮಕ ಹೊಣೆ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಉತ್ಪನ್ನದ ಹೊಣೆಗಾರಿಕೆಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದೆ. ಅದರ 86ನೆಯ ಕಲಮಿನ ಪ್ರಕಾರ, ತಯಾರಕರು ನೀಡಿದ ಎಚ್ಚರಿಕೆ ಹಾಗೂ ಸೂಚನೆಗಳನ್ನು ಗ್ರಾಹಕನಿಗೆ ತಲುಪಿಸದೆ ಅದರಿಂದ ಹಾನಿಯುಂಟಾದಲ್ಲಿ ಮಾರಾಟಗಾರನು ಹೊಣೆಯಾಗಬಹುದು. ತಯಾರಕರು ಯಾರೆಂದೇ ತಿಳಿಯದಿದ್ದಾಗ ಅಥವಾ ಅವರು ಭಾರತದ ಕಾನೂನಿನ ವ್ಯಾಪ್ತಿಗೆ ಒಳಪಡದಿದ್ದಾಗಲೂ ಹೊಣೆಯು ಮಾರಾಟಗಾರನ ಮೇಲೆ ಬರಬಹುದು. ಹೆಸರು, ವಿಳಾಸಗಳಿಲ್ಲದ ವಿದೇಶಿ ಪೆಟ್ಟಿಗೆಗಳಲ್ಲಿ ಬರುವ ಆಟಿಕೆಯಂತಹ ಅಲಂಕಾರಗಳನ್ನು ಮಾರುವವರು ಈ ಮಾತನ್ನು ಗಂಭೀರವಾಗಿ ಪರಿಗಣಿಸುವುದು ಲೇಸು.

ಖರ್ಚೇನೂ ಹೆಚ್ಚಿಲ್ಲ. ಅಂಗಡಿಯ ಹಿಂಭಾಗದಲ್ಲಿ ಎರಡು ದೊಡ್ಡ ಟಬ್ಬುಗಳನ್ನಿಟ್ಟು, ಹೊಸ ಸರಕು ಬಂದಾಗ ಪ್ರತಿ ಬಗೆಯಲ್ಲೊಂದನ್ನು ನೆನೆಸಿ ಪರೀಕ್ಷಿಸಿದರೆ ಕಳಪೆ ಮಾಲನ್ನು ಸರಬರಾಜುದಾರರಿಗೆ ಆ ವಾರವೇ ಹಿಂದಿರುಗಿಸಬಹುದು. ಸಾಬೂನು ಬೇಡ, ನೆನೆಸಿಡಿ, ಕೊರಡಿಗೆ ಬ್ಲೀಚ್ ಬೇಡ, ಕಲ್ಲು ಕುದಿಸಬೇಡಿ ಎಂಬ ನಾಲ್ಕು ಸಾಲುಗಳನ್ನು ಕನ್ನಡದಲ್ಲಿ ಮುದ್ರಿಸಿ ಬಿಲ್ಲಿಗೆ ಲಗತ್ತಿಸಿ ಕೊಡಬಹುದು. ಅಂಗಡಿಯ ದೂರವಾಣಿ ಸಂಖ್ಯೆಯೂ ಅದೇ ಚೀಟಿಯಲ್ಲಿರಲಿ.