ದನಿಯ ಅಳತೆ: ಸ್ಯಾಂಪಲಿಂಗ್ ದರ ಮತ್ತು ಬಿಟ್ ಡೆಪ್ತ್

ದನಿ ಎಂದರೆ ಗಾಳಿಯ ಒತ್ತಡದ ಏರಿಳಿತ. ಮೈಕ್ ಅದನ್ನು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುತ್ತದೆ. ಡಿಜಿಟಲ್ ರೆಕಾರ್ಡರ್ ಆ ಏರಿಳಿತವನ್ನು ಮತ್ತೆ ಮತ್ತೆ ಅಳೆದು ಅಂಕಿಗಳಲ್ಲಿ ಬರೆದಿಡುತ್ತದೆ. ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಎಂಬುದು ಸ್ಯಾಂಪಲಿಂಗ್ ದರ. ಒಂದೊಂದು ಅಳತೆ ಎಷ್ಟು ಸೂಕ್ಷ್ಮ ಎಂಬುದು ಬಿಟ್ ಡೆಪ್ತ್. ಕ್ಯಾಸಲ್‌ರಾಕ್‌ನಿಂದ ಘಟ್ಟ ಇಳಿದರೆ ಸಿಗುವ ಗೋವಾದ ಮೊಲೆಂ ಕಾಡಿನಲ್ಲಿ ಇವೆರಡರ ಕೆಲಸವೂ ಚೆನ್ನಾಗಿ ಕಾಣುತ್ತದೆ. ದೂಧಸಾಗರದ ಭೋರ್ಗರೆತದಿಂದ ಬಾವಲಿಯ ಕೂಗಿನವರೆಗೆ ಅಲ್ಲಿನ ಒಂದೊಂದು ದನಿಗೂ ಒಂದೊಂದು ಅಳತೆ ಬೇಕು.

ದರ ಹಿಡಿಯುವ ಎತ್ತರ

ಒಂದು ದನಿಯನ್ನು ಸರಿಯಾಗಿ ಹಿಡಿಯಲು ಸ್ಯಾಂಪಲಿಂಗ್ ದರವು ಅದರ ಕಂಪನಸಂಖ್ಯೆಯ ಎರಡು ಪಟ್ಟಿಗಿಂತ ಹೆಚ್ಚಿರಬೇಕು. ಹ್ಯಾರಿ ನೈಕ್ವಿಸ್ಟ್ 1928ರಲ್ಲಿ, ಕ್ಲಾಡ್ ಶ್ಯಾನನ್ 1949ರಲ್ಲಿ ಪ್ರಕಟಿಸಿದ ಕೆಲಸದ ಮೇಲೆ ಈ ನಿಯಮ ನಿಂತಿದೆ. ಮನುಷ್ಯರ ಕಿವಿ ಕೇಳುವುದು ಸುಮಾರು 20 ಕಿಲೋಹರ್ಟ್ಸ್‌ವರೆಗೆ. ಹಾಗಾಗಿ 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಗೆ 44.1 ಕಿಲೋಹರ್ಟ್ಸ್ ಸಾಕಾಯಿತು. ಹಕ್ಕಿ, ಕಪ್ಪೆಗಳ ಕೂಗು ಬಹುಪಾಲು 10 ಕಿಲೋಹರ್ಟ್ಸ್‌ನೊಳಗೇ ಇರುವುದರಿಂದ ಅವಕ್ಕೆ 44.1 ಅಥವಾ 48 ಧಾರಾಳ.

ಬಾವಲಿಗಳ ಲೆಕ್ಕ ಬೇರೆ. ಪಶ್ಚಿಮ ಘಟ್ಟದ ರೈನೊಲೋಫಸ್ ರೂಕ್ಸಿ ಬಾವಲಿ ಕೂಗುವುದು 80 ಕಿಲೋಹರ್ಟ್ಸ್ ಆಸುಪಾಸಿನಲ್ಲಿ. ಅದನ್ನು ಹಿಡಿಯಲು 160ಕ್ಕಿಂತ ಹೆಚ್ಚಿನ ದರ ಬೇಕು; ಸಾಮಾನ್ಯವಾಗಿ 256 ಅಥವಾ 384 ಕಿಲೋಹರ್ಟ್ಸ್ ಬಳಸುತ್ತಾರೆ.

ದರ ಸಾಲದಿದ್ದರೆ ಹುಸಿ ದನಿ

ದರದ ಅರ್ಧಕ್ಕಿಂತ ಎತ್ತರದ ದನಿಯನ್ನು ಅಳತೆಗೆ ಮೊದಲೇ ಸೋಸಿ ತೆಗೆಯದಿದ್ದರೆ ಅದು ಕೆಳಗಿನ ಸ್ಥಾಯಿಯ ದನಿಯಾಗಿ ದಾಖಲಾಗುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ ಅಳೆದರೆ 80ರ ಕೂಗು 16 ಆಗಿ ಕಾಣುತ್ತದೆ. ಮೊಲೆಂಗೆ ದೂರವಲ್ಲದ, ಖಾನಾಪುರ ತಾಲ್ಲೂಕಿನ ಭೀಮಗಡದ ಬಾರಾಪೇಡೆ ಗುಹೆಗಳಲ್ಲಿ ಅಪರೂಪದ ರಾಟನ್ ಬಾವಲಿ ನೆಲೆಸಿದೆ. ಅದರ ನಿಜವಾದ ಕೂಗೇ ಸುಮಾರು 15 ಕಿಲೋಹರ್ಟ್ಸ್. ಸೋಸದ ದಾಖಲೆಯಲ್ಲಿ ಒಂದು ಬಾವಲಿ ಇನ್ನೊಂದಾಗಿ ತೋರುವ ಅಪಾಯ ಇಲ್ಲಿದೆ.

ಬಿಟ್ ಡೆಪ್ತ್ ಮತ್ತು ಮೆಲುದನಿ

16 ಬಿಟ್‌ನಲ್ಲಿ ಅಳತೆಯ 65,536 ಮೆಟ್ಟಿಲುಗಳಿವೆ. 24 ಬಿಟ್‌ನಲ್ಲಿ 1,67,77,216. ಒಂದು ಬಿಟ್ ಹೆಚ್ಚಿದರೆ ದಾಖಲಿಸಬಲ್ಲ ಅತಿ ಮೆಲುದನಿಗೂ ಅತಿ ಜೋರುದನಿಗೂ ನಡುವಿನ ಅಂತರ ಸುಮಾರು 6 ಡೆಸಿಬೆಲ್ ಹಿಗ್ಗುತ್ತದೆ. 16 ಬಿಟ್‌ಗೆ ಅದು ಸುಮಾರು 96, 24ಕ್ಕೆ ಸುಮಾರು 144. ಮೆಟ್ಟಿಲಿಗೆ ಹೊಂದಿಸುವಾಗ ಉಳಿಯುವ ಚೂರುಪಾರು ವ್ಯತ್ಯಾಸವೇ ಸಣ್ಣ ಗೊರಗೊರ ಸದ್ದಾಗಿ ಕೇಳುತ್ತದೆ. ಬಿಟ್ ಹೆಚ್ಚಿದಷ್ಟೂ ಅದು ತಗ್ಗುತ್ತದೆ.

ಆದರೆ ಕಾಡಿನಲ್ಲಿ ಎಲೆಯ ಸದ್ದು, ಹುಳುಗಳ ಚೀರು, ಮೈಕಿನ ಸ್ವಂತ ಗೊರಗೊರ ಸಾಮಾನ್ಯವಾಗಿ ಈ ಸಣ್ಣ ಸದ್ದಿಗಿಂತ ಜೋರು. ಮಳೆಗಾಲದ ಜಲಪಾತದ ಬಳಿ 24 ಬಿಟ್‌ನಿಂದ ದನಿ ತಿಳಿಯಾಗದು. ಅದರ ನಿಜವಾದ ಅನುಕೂಲ ಬೇರೆ: ರೆಕಾರ್ಡಿಂಗ್ ಮಟ್ಟವನ್ನು ತಗ್ಗಿಸಿಟ್ಟು ದೂರದ ಕೂಗನ್ನು ಹಿಡಿಯಬಹುದು, ನಡುವೆ ಗುಡುಗಿದರೂ ಅಲೆಯ ತುದಿ ಕತ್ತರಿಸಿಹೋಗದು. ಒಮ್ಮೆ ಕತ್ತರಿಸಿಹೋದ ತುದಿಯನ್ನು ಮರಳಿ ಪಡೆಯಲಾಗದು.

ಆಯ್ಕೆ

ಹೆಚ್ಚಿನ ಅಂಕಿಗೆ ಹೆಚ್ಚಿನ ಜಾಗ ಬೇಕು. ಒಂದೇ ಚಾನೆಲ್‌ನ 48 ಕಿಲೋಹರ್ಟ್ಸ್, 24 ಬಿಟ್ ದಾಖಲೆ ನಿಮಿಷಕ್ಕೆ ಸುಮಾರು 8.6 ಮೆಗಾಬೈಟ್ ಹಿಡಿದರೆ, 256 ಕಿಲೋಹರ್ಟ್ಸ್, 16 ಬಿಟ್‌ನದು ಸುಮಾರು 31. ಹತ್ತು ಗಂಟೆಯ ರಾತ್ರಿಗೆ ಅದು 18 ಗಿಗಾಬೈಟ್ ದಾಟುತ್ತದೆ. ಹಕ್ಕಿ, ಕಪ್ಪೆಗಳಿಗೆ ಮೊದಲನೆಯದು ತಕ್ಕದ್ದು, ಬಾವಲಿಗಳಿಗೆ ಎರಡನೆಯದು. ಕೇಳುವುದಕ್ಕಷ್ಟೇ ಆದರೆ 44.1 ಕಿಲೋಹರ್ಟ್ಸ್, 16 ಬಿಟ್ ಸಾಕು.