ಎಂಜಿನ್ನಿಗೆ ಶ್ರುತಿ ಕೂಡಿಸುವ ಕ್ರಮ

ರೇಡಿಯೋ ಇರುವ ಮನೆಯವರಿಗೆಲ್ಲ ಒಂದು ಅನುಭವವುಂಟು. ಮೀಡಿಯಂ ವೇವಿನಲ್ಲಿ ವಾರ್ತೆಯನ್ನೋ ಸಂಗೀತವನ್ನೋ ಕೇಳುತ್ತ ಕುಳಿತಿರುವಾಗ ಬೀದಿಯಲ್ಲಿ ಹಳೆಯ ಮೋಟಾರು ಕಾರೊಂದು ಹಾದುಹೋದರೆ, ಅದರ ಸದ್ದು ಕಿಟಕಿಯಿಂದ ಮಾತ್ರವಲ್ಲದೆ ರೇಡಿಯೋದೊಳಗಿಂದಲೂ ಚಟಚಟನೆ ಕೇಳಿಬರುತ್ತದೆ. ಎಂಜಿನ್ನಿನಲ್ಲಿ ಪೆಟ್ರೋಲನ್ನು ಹೊತ್ತಿಸುವ ವಿದ್ಯುತ್ತಿನ ಕಿಡಿಯೇ ಇದಕ್ಕೆ ಕಾರಣ. 1887–88ರಲ್ಲಿ ಜರ್ಮನಿಯ ವಿಜ್ಞಾನಿ ಹರ್ಟ್ಸ್ ರೇಡಿಯೋ ಅಲೆಗಳನ್ನು ಹುಟ್ಟಿಸಿ ತೋರಿಸಿದ್ದೂ ಇಂಥ ಕಿಡಿಯಿಂದಲೇ. ಹೀಗೆ ಮೋಟಾರಿಗೂ ರೇಡಿಯೋಗೂ ಹಳೆಯ ನಂಟು. ಎರಡನ್ನೂ ‘ಟ್ಯೂನ್’ ಮಾಡುತ್ತೇವೆಂದು ಹೇಳುವುದೂ ವಾಡಿಕೆ. ರೇಡಿಯೋ ಟ್ಯೂನ್ ಮಾಡುವುದನ್ನು ಮಕ್ಕಳೂ ಬಲ್ಲರು. ಹೊಸದಾಗಿ ಕೂಡಿಸಿದ ಎಂಜಿನ್ನನ್ನು ಟ್ಯೂನ್ ಮಾಡುವ ಕ್ರಮವನ್ನು ಮಾತ್ರ, ವ್ಯಾಕರಣ ಹೇಳಿಕೊಡುವ ನಾನು ಬಹಳ ಪೇಚಾಡಿ, ಒಬ್ಬ ಹಿರಿಯರ ಮನಸ್ಸನ್ನೂ ನೋಯಿಸಿ ಕಲಿಯಬೇಕಾಯಿತು.

ಹಿರೇಗುಂಟನೂರಿನ ನಮ್ಮ ಮನೆಯಲ್ಲಿ ತಂದೆಯವರ ಕಾಲದ 1978ರ ಅಂಬಾಸಡರ್ ಕಾರೊಂದಿದೆ. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ವಂಶದ್ದು. ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಈ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ನಮ್ಮದರ ಎಂಜಿನ್ನಿಗೆ ನಾಲ್ಕು ಸಿಲಿಂಡರು, ಅಳತೆ 1489 ಸಿ.ಸಿ. ತಂದೆಯವರು ತೀರಿಕೊಂಡ ಮೇಲೆ ಎಂಟು ವರ್ಷ ಅದು ಕೊಟ್ಟಿಗೆಯಲ್ಲೇ ನಿಂತಿತ್ತು. ಎಂಬತ್ತು ದಾಟಿದ ನಮ್ಮ ತಾಯಿಯವರಿಗೆ ಒಂದೇ ಆಸೆ: “ನಿಮ್ಮಪ್ಪನ ಕಾರಿನಲ್ಲೇ ಒಂದು ಸಲ ಹೊಳಲ್ಕೆರೆ ಗಣಪತಿಯನ್ನು ನೋಡಿಕೊಂಡು ಬರಬೇಕು ಕಣೋ.” ಚಿತ್ರದುರ್ಗದ ವಯಸ್ಸಾದ ಮೇಸ್ತ್ರಿಯೊಬ್ಬರು ಎಂಜಿನ್ನನ್ನು ಇಳಿಸಿ, ಬೋರು ಹೊಡೆಸಿ, ಹೊಸ ಪಿಸ್ಟನ್ನು, ರಿಂಗು, ಬೇರಿಂಗುಗಳನ್ನು ಹಾಕಿ ಕೂಡಿಸಿಕೊಟ್ಟರು. ನನ್ನ ಉಳಿತಾಯದ ಬಹುಭಾಗ ಅದಕ್ಕೇ ಹೋಯಿತು.

ಕಾರು ರಸ್ತೆಯಲ್ಲಿ ಚೆನ್ನಾಗಿಯೇ ಓಡಿತು. ನಿಲ್ಲಿಸಿದಾಗಲೇ ತೊಂದರೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ ಒಮ್ಮೆ ಏರಿ ಒಮ್ಮೆ ಇಳಿದು, ನಡುಗಿ, ಆರಿಹೋಗುವುದು. ಗ್ಯಾರೇಜಿನವರು ಇದನ್ನು ‘ಐಡ್ಲಿಂಗ್ ನಿಲ್ಲುತ್ತಿಲ್ಲ’ ಎನ್ನುತ್ತಾರೆ. ತಾಯಿಯವರನ್ನು ಕೂರಿಸಿಕೊಂಡು ಹೊರಟ ದಿನ ಕುರಿಯ ಹಿಂಡೊಂದು ರಸ್ತೆ ದಾಟುವಷ್ಟರಲ್ಲಿ ನಾಲ್ಕು ಸಲ ಆರಿತು. ಹಿಂದೆ ಲಾರಿಗಳ ಸಾಲು. ತಾಯಿಯವರು, “ಹೋಗಲಿ ಬಿಡಪ್ಪ, ಮನೆಗೆ ಹೋಗೋಣ” ಎಂದರು. ಅದೇ ಸಂಜೆ ನಾನು ಮೇಸ್ತ್ರಿಯವರ ಬಳಿಗೆ ಹೋಗಿ, ಅವರ ಕೈಕೆಳಗಿನ ಹುಡುಗರ ಎದುರಿಗೇ, “ರಿಂಗನ್ನೇ ಸರಿಯಾಗಿ ಕೂರಿಸಿಲ್ಲ, ನನ್ನ ಹಣ ನೀರಿಗೆ ಹೋಯಿತು” ಎಂದುಬಿಟ್ಟೆ. ಅವರು ಎದುರು ಮಾತಾಡಲಿಲ್ಲ. “ಮೇಷ್ಟ್ರೇ, ಬೇಕಾದರೆ ಪೂರ್ತಿ ಬಿಚ್ಚುತ್ತೇನೆ, ಕೂಲಿ ಬೇಡ. ಅದಕ್ಕೆ ಮೊದಲು ಒಂದು ದಿನ ಕೊಡಿ. ಒಂದೊಂದಾಗಿ ನೋಡೋಣ, ನೀವೂ ಜೊತೆಗಿರಿ” ಎಂದರು.

ನಿಂತಲ್ಲಿ ಓಡುವುದೇ ಎಂಜಿನ್ನಿಗೆ ಕಠಿನ ಪರೀಕ್ಷೆ ಎಂಬುದು ಅಂದು ನಾನು ಕಲಿತ ಮೊದಲ ಪಾಠ. ರಸ್ತೆಯಲ್ಲಿ ಹೋಗುವಾಗ ಗಾಳಿಯ ಬಾಗಿಲು ತೆರೆದಿದ್ದು ಗಾಳಿ, ಪೆಟ್ರೋಲು ಧಾರಾಳವಾಗಿ ಒಳಗೆ ಹೋಗುತ್ತವೆ. ಸಣ್ಣ ಕೊರತೆ ತಿಳಿಯದು. ನಿಂತಾಗ ಬಾಗಿಲು ಬಹುಮಟ್ಟಿಗೆ ಮುಚ್ಚಿರುತ್ತದೆ. ಎಂಜಿನ್ ಅತ್ಯಲ್ಪ ಆಹಾರದಲ್ಲಿ ಉಸಿರು ಹಿಡಿದಿರಬೇಕು. ಅಬ್ಬರದ ಮೇಳದಲ್ಲಿ ಅಡಗಿಹೋಗುವ ಅಪಶ್ರುತಿ ಮೆಲುದನಿಯ ಹಾಡಿನಲ್ಲಿ ಎದ್ದು ಕೇಳುವಂತೆ, ಎಲ್ಲ ದೋಷವೂ ಐಡ್ಲಿಂಗಿನಲ್ಲಿ ಹೊರಬೀಳುತ್ತದೆ.

ಇಂಥ ಸಮಯದಲ್ಲಿ ಎಲ್ಲರ ಕೈಯೂ ಮೊದಲು ಹೋಗುವುದು ಕಾರ್ಬ್ಯುರೇಟರಿನ ಸ್ಕ್ರೂವಿಗೆ. ಕೈಗೆ ಸುಲಭವಾಗಿ ಸಿಗುತ್ತದೆ. ತಿರುಗಿಸಿದರೆ ಸದ್ದೂ ಬದಲಾಗುತ್ತದೆ. ಮೇಸ್ತ್ರಿಯವರು ನನ್ನ ಕೈ ಹಿಡಿದು, “ಅದು ಕಡೆಗೆ” ಎಂದರು. ಬೇರೆಲ್ಲೋ ಇರುವ ದೋಷಕ್ಕೆ ಕಾರ್ಬ್ಯುರೇಟರನ್ನು ಹೊಂದಿಸಿದರೆ ತಪ್ಪು ಎರಡಾಗುತ್ತದೆ, ಮೊದಲಿನದು ಮರೆಯಾಗುತ್ತದೆ. ಆದ್ದರಿಂದ ಅವರ ಕ್ರಮವಿದು: ಮೊದಲು ಯಂತ್ರಭಾಗ, ಆಮೇಲೆ ಕಿಡಿ, ಆಮೇಲೆ ಗಾಳಿಯ ಸೋರಿಕೆ, ಕೊನೆಗೆ ಕಾರ್ಬ್ಯುರೇಟರು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಅದನ್ನು ಬರೆದಿಟ್ಟುಕೊಳ್ಳಬೇಕು. ಬರೆಯುವ ಕೆಲಸ ನನ್ನದಾಯಿತು.

ಮೊದಲು ಟ್ಯಾಪೆಟ್ಟುಗಳು. ವಾಲ್ವು ಪೂರ್ತಿ ಮುಚ್ಚಿಕೊಳ್ಳಲು ಅದರ ತಲೆಗೂ ರಾಕರಿಗೂ ನಡುವೆ ಕೂದಲೆಳೆಯಷ್ಟು ಸಂದು ಬೇಕು. ನಮ್ಮ ಎಂಜಿನ್ನಿಗೆ ಅದು ಅಂಗುಲದ ಸಾವಿರದಲ್ಲಿ 15 ಪಾಲು. ಫೀಲರ್ ಗೇಜಿನಿಂದ ಅಳೆಯುತ್ತಾರೆ. ಇಲ್ಲೊಂದು ಸೊಗಸಾದ ಒಂಬತ್ತರ ಲೆಕ್ಕವಿದೆ. ಎಂಟು ವಾಲ್ವುಗಳಿಗೆ ಸಾಲಾಗಿ ಸಂಖ್ಯೆ ಕೊಟ್ಟರೆ, 8ನೆಯದು ಪೂರ್ತಿ ತೆರೆದಿರುವಾಗ 1ನೆಯದನ್ನೂ, 6ನೆಯದು ತೆರೆದಿರುವಾಗ 3ನೆಯದನ್ನೂ ಸರಿಪಡಿಸಬೇಕು. ಕೂಡಿದರೆ ಯಾವಾಗಲೂ ಒಂಬತ್ತು. ಹೊಸದಾಗಿ ಕೂಡಿಸಿದ ಎಂಜಿನ್ನಿನಲ್ಲಿ ಹೆಡ್ ಗ್ಯಾಸ್ಕೆಟ್ಟು ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ತುಸು ಕುಗ್ಗುವುದರಿಂದ, ಹೆಡ್ಡಿನ ನಟ್ಟುಗಳನ್ನು ಇನ್ನೊಮ್ಮೆ ಕ್ರಮವಾಗಿ ಬಿಗಿದು, ಟ್ಯಾಪೆಟ್ಟನ್ನು ಮತ್ತೆ ನೋಡಲೇಬೇಕು. ಅದಾದ ಬಳಿಕ ಮೇಸ್ತ್ರಿಯವರು ಪ್ಲಗ್ಗುಗಳನ್ನು ತೆಗೆದು ಕಂಪ್ರೆಷನ್ ಅಳೆದರು. ನಾಲ್ಕು ಸಿಲಿಂಡರುಗಳ ಒತ್ತಡವೂ ಹೆಚ್ಚುಕಡಿಮೆ ಒಂದೇ ಸಮನಾಗಿತ್ತು. ರಿಂಗೂ ವಾಲ್ವೂ ನಿರ್ದೋಷವೆಂದು ಅಲ್ಲಿಗೇ ಸಿದ್ಧವಾಯಿತು. ನಾನು ತಲೆ ತಗ್ಗಿಸಿ ಅಂಕಿಗಳನ್ನು ಬರೆದುಕೊಂಡೆ.

ಎರಡನೆಯದು ಕಿಡಿ. ಪ್ಲಗ್ಗಿನ ಸಂದು ಅಂಗುಲದ ಸಾವಿರದಲ್ಲಿ 25 ಪಾಲು, ಡಿಸ್ಟ್ರಿಬ್ಯೂಟರಿನ ಪಾಯಿಂಟಿನ ಸಂದು 14ರಿಂದ 16 ಪಾಲು. ಪಾಯಿಂಟಿನ ಸಂದು ಬದಲಾದರೆ ಕಿಡಿಯ ವೇಳೆಯೂ ಬದಲಾಗುವುದರಿಂದ ಮೊದಲು ಸಂದು, ಆಮೇಲೆ ಟೈಮಿಂಗ್. ಪ್ಲಗ್ಗಿನ ತಂತಿಗಳು 1–3–4–2 ಎಂಬ ಕ್ರಮದಲ್ಲಿರಬೇಕು. ಇಷ್ಟಾದ ಮೇಲೆ ಮೇಸ್ತ್ರಿಯವರು ತಮ್ಮ ಟ್ರಾನ್ಸಿಸ್ಟರನ್ನು ತಂದು, ಮೀಡಿಯಂ ವೇವಿನಲ್ಲಿ ಯಾವ ನಿಲಯವೂ ಸಿಗದ ಕಡೆ ಮುಳ್ಳನ್ನು ನಿಲ್ಲಿಸಿ ಕಾರಿನ ಪಕ್ಕದಲ್ಲಿಟ್ಟರು! ಎಂಜಿನ್ ನಿಮಿಷಕ್ಕೆ 600 ಸುತ್ತು ತಿರುಗಿದರೆ, ಎರಡು ಸುತ್ತಿಗೆ ನಾಲ್ಕು ಕಿಡಿಯಂತೆ ಸೆಕೆಂಡಿಗೆ 20 ಕಿಡಿ. ಆ ಗರಗರ ಸದ್ದು ಎಲ್ಲೂ ತುಂಡಾಗದೆ ಬಂತು. ಎಂಜಿನ್ ಆರುವ ಗಳಿಗೆಯವರೆಗೂ ಕಿಡಿ ತಪ್ಪುತ್ತಿರಲಿಲ್ಲ. ಇದು ಒಂದು ಸುಳಿವೇ ಹೊರತು ಪೂರ್ಣ ಪ್ರಮಾಣವಲ್ಲವೆಂದು ಅವರೇ ಹೇಳಿದರು. ಆದರೂ ರೇಡಿಯೋ ಇಷ್ಟು ಕೆಲಸಕ್ಕೆ ಬರುವುದೆಂದು ನಾನು ಅರಿತಿರಲಿಲ್ಲ.

ಆಮೇಲೆ ಅವರು ರಬ್ಬರು ಹಿಡಿಯ ಇಕ್ಕಳದಿಂದ ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಕಳಚಿ ಕೂಡಿಸಿದರು. ದುಡಿಯುತ್ತಿರುವ ಸಿಲಿಂಡರಿನ ತಂತಿ ಕಳಚಿದರೆ ಎಂಜಿನ್ ಕುಗ್ಗಬೇಕು. ಮೊದಲನೆಯ, ಎರಡನೆಯ ತಂತಿಗಳನ್ನು ತೆಗೆದಾಗ ಕುಗ್ಗಿತು. ಮೂರು, ನಾಲ್ಕನೆಯವನ್ನು ತೆಗೆದಾಗ ಹೆಚ್ಚು ವ್ಯತ್ಯಾಸವೇ ಆಗಲಿಲ್ಲ. ಅಂದರೆ ಆ ಎರಡೂ ಸೋಮಾರಿಗಳು. ನೆರೆಹೊರೆಯ ಎರಡು ಸಿಲಿಂಡರುಗಳು ಒಟ್ಟಿಗೆ ಸೋತರೆ ನಡುವೆ ಗ್ಯಾಸ್ಕೆಟ್ಟು ಒಡೆದಿರಬಹುದು. ಆದರೆ ಕಂಪ್ರೆಷನ್ ಸರಿಯಿತ್ತಲ್ಲ? ಈ ಎಂಜಿನ್ನಿನಲ್ಲಿ 3 ಮತ್ತು 4ನೆಯ ಸಿಲಿಂಡರುಗಳಿಗೆ ಗಾಳಿ ಒಳಬರುವ ದ್ವಾರ ಒಂದೇ. ದೋಷ ಆ ದ್ವಾರದ ಬಳಿ ಇರಬೇಕೆಂದಾಯಿತು.

ಮೇಸ್ತ್ರಿಯವರು ಎಣ್ಣೆಯ ಕ್ಯಾನಿನಿಂದ ಮ್ಯಾನಿಫೋಲ್ಡು ಹೆಡ್ಡಿಗೆ ಸೇರುವ ಅಂಚಿನ ಮೇಲೆ ನಾಲ್ಕು ತೊಟ್ಟು ಎಂಜಿನ್ ಎಣ್ಣೆ ಬಿಟ್ಟರು. ಹಿಂಬದಿಯ ದ್ವಾರದ ಬಳಿ ಎಣ್ಣೆ ಸರಕ್ಕನೆ ಒಳಗೆ ಹೋಯಿತು. ಆ ಗಳಿಗೆಯಲ್ಲಿ ಎಂಜಿನ್ ನಡುಕ ಬಿಟ್ಟು ನಯವಾಗಿ ಓಡಿತು. (ಈ ಪರೀಕ್ಷೆಯನ್ನು ಪೆಟ್ರೋಲಿನಿಂದ ಎಂದೂ ಮಾಡಬಾರದು, ಬೆಂಕಿ ಹೊತ್ತಿಕೊಳ್ಳುವುದು.) ಆ ಸಂದಿನಿಂದ ಕಾರ್ಬ್ಯುರೇಟರನ್ನು ಹಾಯದ ಬರಿಯ ಗಾಳಿ ಒಳನುಗ್ಗುತ್ತಿತ್ತು. ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ 14.7 ಭಾಗ ಗಾಳಿ ಇರಬೇಕಾದಲ್ಲಿ, ಆ ಎರಡು ಸಿಲಿಂಡರುಗಳಿಗೆ ಗಾಳಿಯೇ ಹೆಚ್ಚಾಗಿ ಬೆಂಕಿ ಸರಿಯಾಗಿ ಹಿಡಿಯುತ್ತಿರಲಿಲ್ಲ. ಚೋಕನ್ನು ಅರ್ಧ ಎಳೆದಾಗ ಎಂಜಿನ್ ತುಸು ಸುಧಾರಿಸುತ್ತಿದ್ದುದಕ್ಕೂ ಇದೇ ಕಾರಣ. ನಮ್ಮ ವ್ಯಾಕರಣದಲ್ಲಿ ಸಂಧಿ ಎಂದರೆ ಕೂಡುವ ಜಾಗ. ಇದು ಅಪ್ಪಟ ಸಂಧಿದೋಷ!

ಸಂದು ಬಿಟ್ಟದ್ದೇಕೆ? ಈ ಎಂಜಿನ್ನಿನಲ್ಲಿ ಗಾಳಿ ಒಳಬರುವ ಮ್ಯಾನಿಫೋಲ್ಡೂ ಹೊಗೆ ಹೊರಹೋಗುವ ಮ್ಯಾನಿಫೋಲ್ಡೂ ಒಂದೇ ಮಗ್ಗುಲಿನಲ್ಲಿ ಅಕ್ಕಪಕ್ಕದಲ್ಲಿವೆ. ಒಂದೇ ದಪ್ಪ ವಾಷರು ಎರಡರ ಅಂಚನ್ನೂ ಒತ್ತಿ ಹಿಡಿಯುತ್ತದೆ. ಒಂದರ ಅಂಚು ದಪ್ಪವಾಗಿದ್ದರೆ ವಾಷರು ಓರೆಯಾಗಿ, ದಪ್ಪನೆಯದು ಬಿಗಿಯಾಗುತ್ತದೆ, ತೆಳ್ಳನೆಯದು ಸಡಿಲವಾಗುತ್ತದೆ. ನಮ್ಮ ಹೊಗೆಯ ಮ್ಯಾನಿಫೋಲ್ಡು ಬಿರುಕು ಬಿಟ್ಟಿದ್ದರಿಂದ ಬೇರೊಂದು ಕಾರಿನದನ್ನು ತಂದು ಹಾಕಲಾಗಿತ್ತು. “ಹೊಸದು ಬೇಡ, ಹಳೆಯದು ಸಿಕ್ಕರೆ ಸಾಕು” ಎಂದು ದುಡ್ಡು ಉಳಿಸಲು ಹೇಳಿದ್ದವನು ನಾನೇ. ಅದರ ಅಂಚು ದಪ್ಪವಾಗಿತ್ತು. ಎರಡನ್ನೂ ಒಂದೇ ಮಟ್ಟಕ್ಕೆ ಮಟ್ಟಸ ಮಾಡಿಸಿ, ಹೊಸ ಗ್ಯಾಸ್ಕೆಟ್ಟು ಹಾಕಿ, ನಡುವಿನಿಂದ ಎರಡೂ ತುದಿಗಳ ಕಡೆಗೆ ಹಂತಹಂತವಾಗಿ ನಟ್ಟು ಬಿಗಿದದ್ದಾಯಿತು.

ಈಗ ಕಾರ್ಬ್ಯುರೇಟರಿನ ಸರದಿ. ಎಂಜಿನ್ ಚೆನ್ನಾಗಿ ಕಾದ ಮೇಲೆಯೇ ಇದನ್ನು ಮಾಡಬೇಕು. ನಮ್ಮದು ಎಸ್.ಯು. ಮಾದರಿ. ಅದರ ತಳದಲ್ಲಿರುವ ಆರು ಮುಖದ ನಟ್ಟನ್ನು ಒಂದೊಂದು ಮುಖದಷ್ಟೇ ತಿರುಗಿಸಬೇಕು. ಕೆಳಗಿಳಿಸಿದರೆ ಪೆಟ್ರೋಲು ಹೆಚ್ಚು, ಮೇಲೇರಿಸಿದರೆ ಕಡಿಮೆ. ಹದ ತಿಳಿಯಲು ಅದರೊಳಗಿನ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಿ ನೋಡಬೇಕು. ಎಂಜಿನ್ ವೇಗವೇರಿ ಹಾಗೆಯೇ ಉಳಿದರೆ ಪೆಟ್ರೋಲು ಹೆಚ್ಚಾಗಿದೆ, ಆರಿಹೋದರೆ ಕಡಿಮೆಯಾಗಿದೆ, ಕ್ಷಣಮಾತ್ರ ಏರಿ ಮೊದಲಿನಂತಾದರೆ ಹದ ಸರಿಯಿದೆ. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೂ ಎಥನಾಲ್ ಬೆರೆತಿರುವುದರಿಂದ ಹಳೆಯ ಕಾರುಗಳಿಗೆ ಪೆಟ್ರೋಲಿನ ಪಾಲು ತುಸು ಹೆಚ್ಚು ಬೇಕಾಗುತ್ತದೆ. ಹಳೆಯ ರಬ್ಬರು ಕೊಳವೆಗಳನ್ನೂ ಆಗಾಗ ನೋಡುತ್ತಿರಬೇಕು.

ಕೊನೆಯಲ್ಲಿ ನನಗಿನ್ನೊಂದು ಗಾಬರಿ. ಎಂಜಿನ್ನಿನ ಹೀರುಬಲವನ್ನು ತೋರಿಸುವ ವ್ಯಾಕ್ಯೂಮ್ ಗೇಜಿನ ಮುಳ್ಳು 16 ಅಂಗುಲದಲ್ಲಿ ನಿಂತಿತು. ಪುಸ್ತಕದಲ್ಲಿ 17ರಿಂದ 21 ಇರಬೇಕೆಂದಿದೆ. ಮೇಸ್ತ್ರಿಯವರು ನಕ್ಕು, “ಅದು ಸಮುದ್ರತೀರದ ಲೆಕ್ಕ ಮೇಷ್ಟ್ರೇ” ಎಂದರು. ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಅಂಗುಲ ಕಳೆಯಬೇಕು. ಚಿತ್ರದುರ್ಗ ಸಮುದ್ರಮಟ್ಟದಿಂದ ಸುಮಾರು 2400 ಅಡಿ ಎತ್ತರದಲ್ಲಿದೆ. ನಮ್ಮ ಸೀಮೆಯಲ್ಲಿ ಅಲುಗದೆ ನಿಂತ 16 ಆರೋಗ್ಯದ ಗುರುತು. ಈ ಲೆಕ್ಕ ತಿಳಿಯದೆ ಒಳ್ಳೆಯ ಎಂಜಿನ್ನನ್ನೇ ಬಿಚ್ಚಿಸಿದವರೂ ಇರಬಹುದು.

ಕೆಲವು ಎಚ್ಚರಿಕೆಯ ಮಾತುಗಳು. ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸಬಾರದು. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಪ್ರಾಣ ತೆಗೆಯುತ್ತದೆ. ನನ್ನಂತೆ ಪಂಚೆ, ಶಲ್ಯದವರು ಅವನ್ನು ಬಿಗಿದು ಕಟ್ಟಿಕೊಂಡೇ ಫ್ಯಾನಿನ ಬಳಿ ಬಗ್ಗಬೇಕು. ಹೊಸ ರಿಂಗುಗಳು ಬೋರಿಗೆ ಹೊಂದಿಕೊಳ್ಳುವ ಮುನ್ನ ಗಂಟೆಗಟ್ಟಲೆ ಐಡ್ಲಿಂಗಿನಲ್ಲಿ ಬಿಡಬಾರದು. ಇಲ್ಲಿ ಹೇಳಿದ ತಂತಿ ಕಳಚುವ ಪರೀಕ್ಷೆ ಕಾರ್ಬ್ಯುರೇಟರಿನ ಹಳೆಯ ಕಾರುಗಳಿಗೆ ಮಾತ್ರ. ಕಂಪ್ಯೂಟರಿರುವ ಇಂದಿನ ಕಾರುಗಳಿಗೆ ಅದು ಹಾನಿ.

ಮುಂದಿನ ವಾರ ತಾಯಿಯವರನ್ನು ಹೊಳಲ್ಕೆರೆಗೆ ಕರೆದುಕೊಂಡು ಹೋದೆ. ಹೊರಡುವ ಮೊದಲು ಗ್ಯಾರೇಜಿಗೆ ಹೋಗಿ, ಅದೇ ಹುಡುಗರ ಎದುರಿಗೆ, ತಪ್ಪಾಯಿತೆಂದು ಮೇಸ್ತ್ರಿಯವರ ಕೈ ಹಿಡಿದುಕೊಂಡೆ. ಅವರು, “ಇರಲಿ ಬಿಡಿ ಮೇಷ್ಟ್ರೇ, ನಟ್ಟುಗಳನ್ನು ಇನ್ನೊಂದು ಸಲ ಬಿಗಿಯಬೇಕು, ಐನೂರು ಕಿಲೋಮೀಟರಿಗೆ ಬನ್ನಿ” ಎಂದರು. ದಾರಿಯಲ್ಲಿ ಮತ್ತೆ ಕುರಿಯ ಹಿಂಡು ಅಡ್ಡ ಬಂತು. ಕೊನೆಯ ಮರಿ ದಾಟುವವರೆಗೂ ಎಂಜಿನ್ ಓಡುತ್ತಲೇ ಇತ್ತು. ಹಿಂದಿನ ಸೀಟಿನಲ್ಲಿದ್ದ ತಾಯಿಯವರು, “ಯಾಕೋ, ಆರಿಹೋಯಿತೇ?” ಎಂದು ಕೇಳಿದರು. ಅಷ್ಟು ಮೆತ್ತಗಿತ್ತು ಸದ್ದು.