ಮುಕ್ತ ಸಾಗರಕ್ಕೆ ಬಂದ ಬಹುಮತ

ಹದಿನಾರನೆಯ ಶತಮಾನದಲ್ಲಿ ನಮ್ಮ ಪಶ್ಚಿಮ ಕರಾವಳಿಯ ವರ್ತಕರು ಹಡಗು ಕಳಿಸಬೇಕಾದರೆ ಪೋರ್ಚುಗೀಸರಿಂದ ‘ಕರ್ತಾಜ್’ ಎಂಬ ರಹದಾರಿ ಪಡೆಯಬೇಕಿತ್ತು. ಅದಿಲ್ಲದ ಹಡಗನ್ನು ಹಿಡಿದು ಸರಕು ವಶಪಡಿಸಿಕೊಳ್ಳುವುದು ತಮ್ಮ ಹಕ್ಕೆಂದು ಅವರು ನಂಬಿದ್ದರು. ಪೂರ್ವದ ಕಡಲಿನ ಮೇಲಿನ ಈ ಏಕಸ್ವಾಮ್ಯವನ್ನು ಪ್ರಶ್ನಿಸಿ ಡಚ್ ನ್ಯಾಯಶಾಸ್ತ್ರಜ್ಞ ಹ್ಯೂಗೋ ಗ್ರೋಷಿಯಸ್ 1609ರಲ್ಲಿ ಪ್ರಕಟಿಸಿದ ಪುಟ್ಟ ಪುಸ್ತಕವೇ ‘ಸಮುದ್ರ ಯಾರ ಸ್ವತ್ತೂ ಅಲ್ಲ’ ಎಂಬ ತತ್ವಕ್ಕೆ ಬುನಾದಿ. ಡಚ್ ಕಂಪನಿಯ ಲಾಭವೇ ಅದರ ಹಿಂದಿದ್ದರೂ ಆ ಕಾಲಕ್ಕೆ ಅದು ನ್ಯಾಯದ ಮಾತಾಗಿತ್ತು. ಒಬ್ಬ ಬಳಸಿದರೆ ಇನ್ನೊಬ್ಬನ ಪಾಲು ಕರಗದಷ್ಟು ಕಡಲು ದೊಡ್ಡದು ಎಂಬುದು ಆತನ ವಾದ. ಮೀನು ಮಾತ್ರ ಒಂದರ್ಥದಲ್ಲಿ ಬರಿದಾಗಬಹುದು ಎಂದು ಆತನೇ ಅಲ್ಲಿ ಒಪ್ಪಿಕೊಂಡಿದ್ದ. ಜಗತ್ತು ತತ್ವವನ್ನು ಉಳಿಸಿಕೊಂಡು ಎಚ್ಚರಿಕೆಯನ್ನು ಮರೆಯಿತು.

1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಕರಾವಳಿ ದೇಶಗಳಿಗೆ 200 ನಾಟಿಕಲ್ ಮೈಲಿವರೆಗಿನ ವಿಶೇಷ ಆರ್ಥಿಕ ವಲಯವನ್ನು ಕೊಟ್ಟಿತು. ಅದರಾಚೆಗಿನ ಮುಕ್ತ ಸಾಗರ ಇಡೀ ಕಡಲಿನ ಮೂರರಲ್ಲಿ ಎರಡು ಪಾಲಿನಷ್ಟಿದೆ. ಅಲ್ಲಿನ ತಳದ ಖನಿಜಗಳನ್ನು ಮನುಕುಲದ ಸಮಾನ ಸಂಪತ್ತೆಂದು ಸಾರಿ, ಅದನ್ನು ನೋಡಿಕೊಳ್ಳಲು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಪ್ರಾಧಿಕಾರವೊಂದನ್ನು ಸ್ಥಾಪಿಸಲಾಯಿತು. ಖನಿಜಕ್ಕೆ ಸಿಕ್ಕ ಈ ಕಾಳಜಿ ಜೀವಿಗಳಿಗೆ ಸಿಗಲಿಲ್ಲ. ನಮ್ಮದೇ ಹಿಂದೂ ಮಹಾಸಾಗರದ ಸಾಯಾ ಡಿ ಮಾಲ್ಹಾ ದಿಬ್ಬವನ್ನು ನೋಡಿ. ವಿಸ್ತಾರವಾದ ಕಡಲಹುಲ್ಲಿನ ಬಯಲು ಅದು. ಅದರ ತಳದ ಮೇಲೆ ಮಾರಿಷಸ್ ಮತ್ತು ಸೇಷೆಲ್ಸ್‌ಗೆ ಜಂಟಿ ಹಕ್ಕಿದೆ. ತಳದ ಮೇಲಿನ ನೀರಿನ ಬಹುಭಾಗ ಮಾತ್ರ ಮುಕ್ತ ಸಾಗರ. ಹುಲ್ಲಿಗೊಂದು ಕಾನೂನು, ಅದರ ನಡುವೆ ಈಜುವ ಮೀನಿಗೆ ಇನ್ನೊಂದು!

ಈ ಸ್ವಾತಂತ್ರ್ಯವನ್ನು ಅನುಭವಿಸುತ್ತಿರುವವರು ಯಾರು? ಉಪಗ್ರಹ ದತ್ತಾಂಶ ಆಧರಿಸಿದ 2018ರ ಅಧ್ಯಯನವೊಂದರ ಪ್ರಕಾರ ಮುಕ್ತ ಸಾಗರದ ಮೀನುಗಾರಿಕೆಯ ಸುಮಾರು ಶೇ 80ರಷ್ಟನ್ನು ನಡೆಸುತ್ತಿದ್ದವು ಚೀನಾ, ತೈವಾನ್, ಜಪಾನ್, ಇಂಡೊನೇಷ್ಯಾ, ಸ್ಪೇನ್ ಮತ್ತು ದಕ್ಷಿಣ ಕೊರಿಯಾದ ಹಡಗುಗಳು. ಸರ್ಕಾರಿ ಸಬ್ಸಿಡಿ ಇಲ್ಲದಿದ್ದರೆ ಅಲ್ಲಿನ ಅರ್ಧಕ್ಕಿಂತ ಹೆಚ್ಚು ಮೀನುಗಾರಿಕಾ ಪ್ರದೇಶಗಳಲ್ಲಿ ಲಾಭವೇ ಹುಟ್ಟದು ಎಂದೂ ಅದೇ ಅಧ್ಯಯನ ಹೇಳಿತು. ಕಡಲಜೀವಿಗಳ ವಂಶವಾಹಿಯದ್ದೂ ಇದೇ ಕಥೆ. ಪೇಟೆಂಟ್ ಪಡೆದ ಇಂಥ ಸರಣಿಗಳಲ್ಲಿ ಶೇ 47ರಷ್ಟು ಜರ್ಮನಿಯ ಬಿಎಎಸ್‌ಎಫ್ ಎಂಬ ಒಂದೇ ಕಂಪನಿಯ ಹೆಸರಿನಲ್ಲಿದ್ದದ್ದನ್ನು ಅದೇ ವರ್ಷದ ಇನ್ನೊಂದು ಅಧ್ಯಯನ ತೋರಿಸಿತು. ಎಲ್ಲರಿಗೂ ತೆರೆದ ಬಾಗಿಲು, ಒಳಗೆ ಹೋಗುವ ಶಕ್ತಿ ಕೆಲವರಿಗಷ್ಟೇ.

ಸುಮಾರು ಎರಡು ದಶಕಗಳ ಮಾತುಕತೆಯ ನಂತರ 2023ರ ಜೂನ್‌ನಲ್ಲಿ ಅಂಗೀಕಾರಗೊಂಡು, 60 ದೇಶಗಳ ಅನುಮೋದನೆ ಪಡೆದು, 2026ರ ಜನವರಿ 17ರಂದು ಜಾರಿಗೆ ಬಂದ, ಮುಕ್ತ ಸಾಗರದ ಜೀವಿಗಳ ಕುರಿತ ಹೊಸ ಒಪ್ಪಂದ ಇದನ್ನು ತಿದ್ದಲು ಹೊರಟಿದೆ. ವಂಶವಾಹಿ ಸಂಪತ್ತಿನ ಲಾಭ ಹಂಚಿಕೆ, ಪರಿಸರ ಪರಿಣಾಮದ ಅಂದಾಜು, ಬಡದೇಶಗಳಿಗೆ ತಂತ್ರಜ್ಞಾನ ಎಲ್ಲವೂ ಅದರಲ್ಲಿದೆ. ಆದರೆ ನನ್ನ ದೃಷ್ಟಿಯಲ್ಲಿ ಅದರ ಜೀವಾಳ ಮತದಾನದ ನಿಯಮ. ಸಂರಕ್ಷಿತ ಪ್ರದೇಶ ಘೋಷಿಸಲು ಒಮ್ಮತಕ್ಕೆ ಯತ್ನಿಸಬೇಕು, ಅದು ಆಗದಿದ್ದರೆ ಹಾಜರಿದ್ದು ಮತ ಹಾಕಿದವರಲ್ಲಿ ನಾಲ್ಕರಲ್ಲಿ ಮೂರು ಪಾಲು ಸಾಕು. ಇದರ ಬೆಲೆ ತಿಳಿಯಬೇಕಾದರೆ ಅಂಟಾರ್ಕ್ಟಿಕಾ ಕಡೆ ನೋಡಬೇಕು. ಅಲ್ಲಿನ ಕಡಲಜೀವಿಗಳ ಆಯೋಗದಲ್ಲಿ ಒಬ್ಬರು ಒಲ್ಲೆ ಎಂದರೂ ತೀರ್ಮಾನವಿಲ್ಲ. ವರ್ಷಗಟ್ಟಲೆ ಹಗ್ಗಜಗ್ಗಾಟ ನಡೆದು 2016ರಲ್ಲಿ ರಾಸ್ ಸಮುದ್ರಕ್ಕೆ ಹೇಗೋ ರಕ್ಷಣೆ ಸಿಕ್ಕಿತು. ಪೂರ್ವ ಅಂಟಾರ್ಕ್ಟಿಕಾ ಮತ್ತು ವೆಡೆಲ್ ಸಮುದ್ರದ ಪ್ರಸ್ತಾವಗಳು ಬಹುತೇಕ ಸದಸ್ಯರ ಬೆಂಬಲವಿದ್ದೂ ಚೀನಾ, ರಷ್ಯಾಗಳ ಆಕ್ಷೇಪದಿಂದ ವರ್ಷವರ್ಷವೂ ಬಿದ್ದುಹೋದವು.

ಒಪ್ಪದ ದೇಶ 120 ದಿನಗಳೊಳಗೆ ಆಕ್ಷೇಪಿಸಿ ಹೊರಗುಳಿಯಬಹುದಲ್ಲ, ಮತ್ತೆ ಈ ಬಹುಮತಕ್ಕೆ ಏನು ಬೆಲೆ ಎಂದು ಕೇಳಬಹುದು. ಆದರೆ ಆ ಆಕ್ಷೇಪಕ್ಕೆ ಒಪ್ಪಂದವೇ ಹೇಳಿರುವ ಕೆಲವೇ ಕಾರಣಗಳಲ್ಲಿ ಒಂದನ್ನು ಬರಹದಲ್ಲಿ ಕೊಡಬೇಕು, ಸಾಧ್ಯವಾದಷ್ಟು ಅದೇ ಪರಿಣಾಮದ ಪರ್ಯಾಯ ಕ್ರಮ ಕೈಗೊಳ್ಳಬೇಕು. ತಾನೊಬ್ಬ ಹೊರಗುಳಿಯುವುದಕ್ಕೂ ಎಲ್ಲರನ್ನೂ ತಡೆದು ನಿಲ್ಲಿಸುವುದಕ್ಕೂ ಬಹಳ ಅಂತರವಿದೆ. ಇದಕ್ಕಿಂತ ಗಟ್ಟಿಯಾದ ಟೀಕೆ ಮೀನುಗಾರಿಕೆಯದು. ಈಗಿರುವ ಪ್ರಾದೇಶಿಕ ಮೀನುಗಾರಿಕಾ ಸಂಸ್ಥೆಗಳ ಅಧಿಕಾರವನ್ನು ಕುಗ್ಗಿಸಬಾರದು ಎಂಬ ಷರತ್ತಿಗೆ ಒಪ್ಪಂದ ಬದ್ಧವಾಗಿದೆ. ಇದು ನಿಜವಾದ ದೌರ್ಬಲ್ಯ, ಮುಚ್ಚಿಡುವಂಥದ್ದಲ್ಲ. ಆದರೂ ಸದಸ್ಯ ದೇಶಗಳು ಆ ಸಂಸ್ಥೆಗಳಲ್ಲಿ ಕುಳಿತಾಗಲೂ ಒಪ್ಪಂದದ ಉದ್ದೇಶಗಳನ್ನು ಸೂಕ್ತವಾಗಿ ಬೆಂಬಲಿಸಲು ಯತ್ನಿಸಬೇಕೆಂಬ ಕಟ್ಟಳೆಯೂ ಇದೆ. ಬಹುಮತದ ಒತ್ತಡ ಅಲ್ಲಿಗೂ ಹರಿಯಲು ಅದು ದಾರಿ. ಬಡವರ ತಟ್ಟೆಯ ಮೀನಿಗೆ ಕುತ್ತು ಬರುತ್ತದೆ ಎಂಬ ಭಯಕ್ಕೆ ಮಾತ್ರ ಆಧಾರ ಕಡಿಮೆ. ಜಗತ್ತಿನ ಕಡಲಮೀನಿನಲ್ಲಿ ಮುಕ್ತ ಸಾಗರದ ಪಾಲು ತೀರಾ ಸಣ್ಣದು, ಅದರಲ್ಲೂ ಹೆಚ್ಚಿನದು ಶ್ರೀಮಂತ ಮಾರುಕಟ್ಟೆಗೆ ಹೋಗುವ ಟ್ಯೂನಾದಂಥ ಮೀನು. ಮಲ್ಪೆ, ಮಂಗಳೂರಿನ ದೋಣಿಗಳು ಬಲೆ ಬೀಸುವುದು 200 ಮೈಲಿಯೊಳಗೆ. ಆ ಗೆರೆಯ ಆಚೆ ಟ್ಯೂನಾವನ್ನು ಬಾಚಿದರೆ ಈಚೆ ಬರುವುದೂ ಕಡಿಮೆಯಾಗುತ್ತದೆ.

ಭಾರತ 2024ರ ಸೆಪ್ಟೆಂಬರ್‌ನಲ್ಲಿ ಈ ಒಪ್ಪಂದಕ್ಕೆ ಸಹಿ ಹಾಕಿತು. ಸಹಿಯಿಂದ ಮತದ ಹಕ್ಕು ಬರುವುದಿಲ್ಲ, ಅನುಮೋದಿಸಿದ ದೇಶಕ್ಕಷ್ಟೇ ಅದು. ಜಾರಿಗೆ ಬಂದ ಒಂದು ವರ್ಷದೊಳಗೆ ಸೇರಬೇಕಾದ ಸದಸ್ಯ ದೇಶಗಳ ಮೊದಲ ಸಮ್ಮೇಳನ ಕಾರ್ಯವಿಧಾನದ ನಿಯಮಗಳನ್ನು ರೂಪಿಸಬೇಕು. ವೈಜ್ಞಾನಿಕ ಸಮಿತಿ ಹೇಗಿರಬೇಕು, ವಂಶವಾಹಿ ಸಂಪತ್ತಿನ ಲಾಭವನ್ನು ಹೇಗೆ ಹಂಚಬೇಕು ಎಂಬ ತೀರ್ಮಾನಗಳೂ ಈ ಸಮ್ಮೇಳನಗಳ ಮೇಜಿನ ಮೇಲೆಯೇ ಆಗಬೇಕು. ಮಧ್ಯ ಹಿಂದೂ ಮಹಾಸಾಗರದಲ್ಲಿ 75,000 ಚದರ ಕಿ.ಮೀ. ತಳದಲ್ಲಿ ಖನಿಜ ಹುಡುಕುವ ಗುತ್ತಿಗೆ ಪಡೆದ ದೇಶ ನಮ್ಮದು. ಅದೇ ಸಾಗರದ ಜೀವಿಗಳ ಬಗ್ಗೆ ನಿಯಮ ಬರೆಯುವಾಗ ಮತವಿಲ್ಲದ ವೀಕ್ಷಕರ ಸಾಲಿನಲ್ಲಿ ಕೂರುವುದು ನಮಗೆ ಸಲ್ಲದು.